ಘಟ್ಟದ ಮೇಲಿನ ಮಾತ್ರೆ, ಘಟ್ಟದ ಕೆಳಗಿನ ಸೆಕೆ

ಬೆಂಗಳೂರು, ಮೈಸೂರು, ಪುಣೆ ಅಂತ ಮೂವತ್ತು ಮೂವತ್ತೈದು ವರ್ಷ ದುಡಿದು, ರಿಟೈರ್ ಆದ್ಮೇಲೆ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹಳೇ ಮನೆ ರಿಪೇರಿ ಮಾಡಿಸ್ಕೊಂಡು ಬಂದು ಕೂತ್ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಬಿಪಿ, ಶುಗರ್, ಮಂಡಿನೋವೂ ಬರುತ್ತೆ, ಅಲ್ಲಿನ ಡಾಕ್ಟರು ಬರೆದ ಚೀಟಿನೂ ಬರುತ್ತೆ. ಆ ಚೀಟಿಯ ಡೋಸ್ ಲೆಕ್ಕ ಹಾಕಿದ್ದು ಘಟ್ಟದ ಮೇಲಿನ ಹವೆಯಲ್ಲಿ, ಮಾತ್ರೆ ನುಂಗ್ತಿರೋದು ಕಡಲ ಪಕ್ಕದಲ್ಲಿ. ಇದನ್ನ ಸಾಮಾನ್ಯವಾಗಿ ಯಾರೂ ಯೋಚನೆನೇ ಮಾಡಲ್ಲ.

ಏಪ್ರಿಲಲ್ಲಿ ಫೋನ್ ತೆಗೆದು ನೋಡಿದ್ರೆ ಬೆಂಗಳೂರಲ್ಲಿ 34, ಮಂಗಳೂರಲ್ಲಿ 33 ಡಿಗ್ರಿ ಅಂತ ತೋರಿಸುತ್ತೆ, ಹಾಗಾದ್ರೆ ಇಲ್ಲೇ ತಂಪಲ್ವಾ ಅನ್ಸುತ್ತೆ. ಆದ್ರೆ ನಮ್ಮ ಮೈ ತಣ್ಣಗಾಗೋದು ಬೆವರು ಸುರಿದಾಗ ಅಲ್ಲ, ಬೆವರು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದ್ರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೋಗುತ್ತೆ, ಅದೇ ಬೆವರು ತೊಟ್ಟಿಕ್ಕಿ ಬನಿಯನ್ ಒದ್ದೆ ಆಯ್ತು ಅಂದ್ರೆ ನೀರೂ ಉಪ್ಪೂ ಹೋಯ್ತು, ತಂಪು ಮಾತ್ರ ಸಿಗಲಿಲ್ಲ. ಆಷಾಢದಲ್ಲಿ ಹಗ್ಗದ ಮೇಲೆ ಹಾಕಿದ ಪಂಚೆ ಮೂರು ದಿನ ಆದ್ರೂ ಆರದೇ ಇರುತ್ತಲ್ಲ, ಕಾರಣ ಎರಡಕ್ಕೂ ಒಂದೇ, ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತೆ.

ಇದನ್ನ ಅಳೆಯೋಕೆ ವೆಟ್ ಬಲ್ಬ್ ತಾಪಮಾನ ಅಂತ ಒಂದಿದೆ, ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದ್ರೆ ಎಷ್ಟು ತೋರಿಸುತ್ತೋ ಅದು. ಬೆಂಗಳೂರಿನ 34 ಡಿಗ್ರಿಗೆ ತೇವಾಂಶ ಶೇಕಡ 30 ಇದ್ರೆ ವೆಟ್ ಬಲ್ಬ್ ಸುಮಾರು 21 ಬರುತ್ತೆ, ಮಂಗಳೂರಿನ 33ಕ್ಕೆ ತೇವಾಂಶ 70 ಇದ್ರೆ ಸುಮಾರು 28. ಫೋನಲ್ಲಿ ಒಂದು ಡಿಗ್ರಿ ಕಮ್ಮಿ, ಮೈಗೆ ಏಳು ಡಿಗ್ರಿ ಜಾಸ್ತಿ! ಮನುಷ್ಯ ತಡ್ಕೊಳ್ಳೋ ಮಿತಿ 35 ಅಂತ ಮೊದಲು ಲೆಕ್ಕದ ಮೇಲೆ ಹೇಳ್ತಿದ್ರು, ಆಮೇಲೆ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜನರಿಂದಲೇ ಬಿಸಿ ಕೋಣೆಯಲ್ಲಿ ಹಗುರ ಕೆಲಸ ಮಾಡಿಸಿ ನೋಡಿದಾಗ ಗಟ್ಟಿಮುಟ್ಟಾದ ಹುಡುಗರಿಗೂ 30-31ರ ಹತ್ತಿರ ಮೈ ಒಳಗಿನ ಬಿಸಿ ಏರೋಕೆ ಶುರುವಾಯ್ತು. ವಯಸ್ಸಾದವರಲ್ಲಿ ಅದಕ್ಕಿಂತ ಕೆಳಗೇ. ಬೆವರಿನ ಗ್ರಂಥಿ ಸುಸ್ತಾಗಿರುತ್ತೆ, ಚರ್ಮಕ್ಕೆ ರಕ್ತ ಹರಿಯೋದು ಕಮ್ಮಿ, ಎಲ್ಲಕ್ಕಿಂತ ಮೋಸ ಅಂದ್ರೆ ಬಾಯಾರಿಕೆನೇ ಸರಿಯಾಗಿ ಆಗಲ್ಲ. ರಾತ್ರಿಯಾದ್ರೂ ಸುಧಾರಿಸ್ಕೋಬಹುದು ಅಂದ್ರೆ ಕರಾವಳಿ ರಾತ್ರಿ ತಣ್ಣಗಾಗೋದೇ ಇಲ್ಲ, ಬೆಳಗಿನ ಜಾವಕ್ಕೂ 25-26 ಡಿಗ್ರಿ.

ಈಗ ಬಿಪಿ ವಿಷಯಕ್ಕೆ ಬರೋಣ, ನನ್ನ ಪ್ರಕಾರ ಮುಖ್ಯ ಸಮಾಚಾರ ಇದೇ. ಸೆಕೆಗೆ ಚರ್ಮದ ರಕ್ತನಾಳ ಹಿಗ್ಗುತ್ತೆ, ಬಿಪಿ ತನ್ನಷ್ಟಕ್ಕೇ ಸ್ವಲ್ಪ ಇಳಿಯುತ್ತೆ. ಅದರ ಮೇಲೆ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ತಾಲಿಡೋನ್ ಥರದ ನೀರಿನ ಮಾತ್ರೆ ಮೂತ್ರದಲ್ಲಿ ನೀರೂ ಸೋಡಿಯಮ್ಮೂ ಹೊರಗೆ ಹಾಕುತ್ತೆ, ಬೆವರಲ್ಲಿ ಹೋಗಿದ್ದು ಬೇರೆ. ನೀರು ಕಮ್ಮಿಯಾದಾಗ ಬಿಪಿ ಎತ್ತಿ ಹಿಡಿಯೋ ದೇಹದ ಸ್ವಂತ ವ್ಯವಸ್ಥೆ ಒಂದಿದೆಯಲ್ಲ, ಅದನ್ನ ಟೆಲ್ಮಿಸಾರ್ಟನ್, ಲೋಸಾರ್ಟನ್ ಥರದ ಬಿಪಿ ಮಾತ್ರೆ ಅರ್ಧ ಕಟ್ಟಿ ಹಾಕಿರುತ್ತೆ. ಹೀಗಾಗಿ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ, ಗೋಡೆ ಹಿಡ್ಕೊಳ್ಳೋದು, ಒಂದಿನ ಬಿದ್ದು ಸೊಂಟದ ಮೂಳೆ ಮುರಿಯೋದು. ಕೂತು ಬಿಪಿ ನೋಡಿದ್ರೆ 120 ಬರುತ್ತೆ, ಎಲ್ಲರೂ ಭೇಷ್ ಅಂತಾರೆ. ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಮತ್ತೆ ನೋಡಿ, ಮೇಲಿನ ನಂಬರ್ 20 ಅಥವಾ ಜಾಸ್ತಿ ಇಳಿದಿದ್ರೆ ಡಾಕ್ಟರಿಗೆ ಹೇಳ್ಬೇಕು. ಹಾಗಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ ಮಾರಾಯ್ರೆ, ಡೋಸ್ ಬದಲಾಯಿಸೋದು ಅವರ ಕೆಲಸ, ಸೆಕೆ ಶುರುವಾಗೋ ಮೊದಲೇ ಫೆಬ್ರವರಿಯಲ್ಲಿ ಚೀಟಿ ತಗೊಂಡು ಹೋಗಿ ಕೇಳೋದು ನಮ್ಮದು.

ಇನ್ನೊಂದು, ಸೋಡಿಯಂ ತೀರಾ ಇಳಿದ್ರೆ ಮಾತು ತೊದಲುತ್ತೆ, ಯಾವ ವಾರ ಅಂತ ಮರೆತು ಹೋಗುತ್ತೆ, ಮನೆಯವರು ಅರವತ್ತಕ್ಕೆ ಅರಳುಮರಳು ಅಂತ ಸುಮ್ನಾಗ್ತಾರೆ. ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗೋ ವಿಷಯ ಅದು.

ಸರಿ, ಸೆಕೆಗೆ ಬೊಂಡ ಕುಡಿಯೋಣ ಅಂತೀರಿ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಒಂದು ಲೋಟಕ್ಕೆ 400ರಿಂದ 600 ಮಿಲಿಗ್ರಾಂ ಇರಬಹುದು. ಟೆಲ್ಮಿಸಾರ್ಟನ್ ಅದೇ ಪೊಟ್ಯಾಸಿಯಮ್ಮನ್ನ ದೇಹದಲ್ಲಿ ಉಳಿಸುತ್ತೆ. ಕಿಡ್ನಿ ಚೆನ್ನಾಗಿದ್ರೆ ದಿನಕ್ಕೊಂದು ಬೊಂಡಕ್ಕೆ ಏನೂ ಆಗಲ್ಲ, ಆದ್ರೆ ಕಿಡ್ನಿ ಸೋತಾಗ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಮೇಲಿದ್ದು, ತೋಟದ್ದೇ ಅಲ್ವಾ ಅಂತ ದಿನಕ್ಕೆ ಮೂರು ನಾಲ್ಕು ಕುಡಿದ್ರೆ ಹೃದಯದ ಬಡಿತವೇ ಏರುಪೇರಾಗಬಹುದು.

ಶುಗರ್ ಇರೋರದ್ದು ಬೇರೆ ಗೋಳು. ಶುಗರ್ ಇಳಿದಾಗ ಬರೋ ಬೆವರಿಗೂ ಸೆಕೆ ಬೆವರಿಗೂ ವ್ಯತ್ಯಾಸ ಗೊತ್ತಾಗಲ್ಲ, ಜೊತೆಗೆ ಬಿಸಿಗೆ ಚರ್ಮದಲ್ಲಿ ರಕ್ತ ಓಡಾಟ ಜಾಸ್ತಿಯಾಗಿ ಇನ್ಸುಲಿನ್ ಬೇಗ ಹೀರ್ಕೊಳ್ಳುತ್ತೆ. ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಟ್ರೆ ತೇವ ಹೀರಿ ತಪ್ಪು ನಂಬರ್ ತೋರಿಸುತ್ತೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಬೆಳ್ಳಗೆ ನೆನೆದು ಬಿರುಕು ಬಿಡುತ್ತಲ್ಲ, ಅಲ್ಲಿಂದಲೇ ಬ್ಯಾಕ್ಟೀರಿಯಾ ಒಳಗೆ ಹೋಗಿ ಕಾಲು ಪೂರ್ತಿ ಊದ್ಕೊಳ್ಳೋದು, ನರ ಮರಗಟ್ಟಿರೋರಿಗೆ ನೋವೂ ಗೊತ್ತಾಗಲ್ಲ. ಸ್ನಾನ ಆದ್ಮೇಲೆ ಒಣ ಬಟ್ಟೆಯಲ್ಲಿ ಸಂದಿ ಒರೆಸ್ಕೊಳ್ಳಿ, ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಬೆರೆತ ಕ್ರೀಮ್ ಮಾತ್ರ ಹಚ್ಚಬೇಡಿ.

ಉಬ್ಬಸಕ್ಕೆ ಕಡಲ ಗಾಳಿ ಒಳ್ಳೇದು ಅನ್ನೋ ಮಾತು ಎಲ್ಲರ ವಿಷಯದಲ್ಲಿ ನಿಜ ಅಲ್ಲ. ಗೋಡೆಯ ಬೂಷ್ಟು, ಹಾಸಿಗೆಯ ಧೂಳು ಹುಳ ಎರಡೂ ತೇವದಲ್ಲೇ ಬೆಳೆಯೋದು. ಅಲ್ಲದೇ 2012ರಲ್ಲಿ ಕೆಂಟಕಿಯಲ್ಲಿ ಅಸ್ತಮಾ ಇರೋರಿಗೆ ನಾಲ್ಕು ನಿಮಿಷ ಬಿಸಿ, ತೇವದ ಗಾಳಿ ಉಸಿರಾಡಿಸಿದ್ರೆ ಅಷ್ಟಕ್ಕೇ ಶ್ವಾಸನಾಳ ಬಿಗೀತು.

ಇನ್ನು ಮಂಡಿನೋವು. ಮೋಡ ಕಟ್ಟಿದ್ರೆ ನೋವು ಅಂತ ಅಜ್ಜಿಯರು ಹೇಳಿದ್ದು ನಿಜವೋ ಸುಳ್ಳೋ ಅನ್ನೋದಕ್ಕೆ ವಿಜ್ಞಾನಿಗಳಲ್ಲೇ ಎರಡು ಪಂಗಡ. 2017ರಲ್ಲಿ ಅಮೆರಿಕದ ಹಿರಿಯರು ಡಾಕ್ಟರ್ ಬಳಿ ಹೋದ 1.1 ಕೋಟಿಗೂ ಹೆಚ್ಚು ಭೇಟಿಗಳನ್ನ ಮಳೆ ಲೆಕ್ಕದ ಜೊತೆ ಹೋಲಿಸಿದಾಗ ಸಂಬಂಧ ಕಾಣಲಿಲ್ಲ. 2019ರಲ್ಲಿ ಬ್ರಿಟನ್ನಿನವರು ಎರಡೂವರೆ ಸಾವಿರಕ್ಕೂ ಜಾಸ್ತಿ ಜನರಿಂದ ಮೊಬೈಲಲ್ಲಿ ದಿನಾ ನೋವು ಬರೆಸಿ ನೋಡಿದ್ರೆ ತೇವ ಜಾಸ್ತಿ ಇದ್ದ ದಿನ ನೋವೂ ಸ್ವಲ್ಪ ಜಾಸ್ತಿ. ನಂಗನ್ಸೋದು, ತೇವದ ಪಾಲು ಚೂರು ಇರಬಹುದು, ಆದ್ರೆ ಅಂಗಳದ ಪಾಚಿಗೆ ಹೆದರಿ ಜೂನಿಂದ ಸೆಪ್ಟೆಂಬರ್‌ವರೆಗೆ ವಾಕಿಂಗ್ ನಿಲ್ಲಿಸ್ತಾರಲ್ಲ, ಮಂಡಿ ಹಿಡ್ಕೊಳ್ಳೋದು ಅದಕ್ಕೇ ಹೆಚ್ಚು. ನೋವು ಏನೇ ಇರಲಿ, ಮೆಡಿಕಲ್ಲಿಂದ ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್ ತಂದು ನುಂಗೋ ಅಭ್ಯಾಸ ಇದ್ರೆ ಬಿಡಿ, ಯಾಕಂದ್ರೆ ಟೆಲ್ಮಿಸಾರ್ಟನ್ನು, ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿ ಬೆವರಿ ಒಣಗಿದ ದೇಹಕ್ಕೆ ಹೋದ್ರೆ ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡಬಹುದು.