ಪದ ಪರಿಚಯ: ನ್ಯಾಯೋಚಿತ ವೇಳಾಪಟ್ಟಿ

ಕನ್ನಡದ ‘ವೇಳೆ’ಗೆ ಮೂಲವಾದ ಸಂಸ್ಕೃತದ ‘ವೇಲಾ’ ಎಂಬ ಪದಕ್ಕೆ ಹೊತ್ತು ಎಂಬ ಅರ್ಥವಿರುವಂತೆಯೇ ಎಲ್ಲೆ, ಕಡಲ ದಡ ಎಂಬ ಅರ್ಥಗಳೂ ಇವೆ. ವಿಶ್ವವಿದ್ಯಾಲಯದ ತರಗತಿಗಳ ವೇಳಾಪಟ್ಟಿಯನ್ನು ಅರಿಯಲು ಈ ಎರಡನೆಯ ಅರ್ಥವೂ ನೆರವಾಗುತ್ತದೆ. ಯಾರು ನಸುಕಿನಲ್ಲೇ ಮನೆ ಬಿಡಬೇಕು, ಯಾರು ಎರಡು ತರಗತಿಗಳ ನಡುವೆ ಮೂರು ಗಂಟೆ ಸುಮ್ಮನೆ ಕಾಯಬೇಕು, ಯಾರು ತಮಗೆ ಇಷ್ಟವಾದ ವಿಷಯವನ್ನು ಬೇರೊಂದು ತರಗತಿಯ ಹೊತ್ತಿಗೇ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಕೈಬಿಡಬೇಕು ಎಂಬುದನ್ನೆಲ್ಲ ಆ ಪಟ್ಟಿ ತೀರ್ಮಾನಿಸುತ್ತದೆ. ಅದು ಹೊತ್ತನ್ನು ತಿಳಿಸುತ್ತಲೇ ಜನರ ದಿನಕ್ಕೆ ಎಲ್ಲೆ ಹಾಕುತ್ತದೆ.

‘ನ್ಯಾಯೋಚಿತ ವೇಳಾಪಟ್ಟಿ’ ಎಂದರೆ ಎಲ್ಲರಿಗೂ ಅನುಕೂಲವಾದ ವೇಳಾಪಟ್ಟಿ ಎಂದು ತಿಳಿಯುವುದು ಸಹಜ, ಆದರೆ ಅದು ತಪ್ಪು. ಅಂಥ ಪಟ್ಟಿ ಬಹುಪಾಲು ಸಿಗುವುದೇ ಇಲ್ಲ. ಎಷ್ಟೇ ಎಚ್ಚರದಿಂದ ಹೊಂದಿಸಿದರೂ ತಪ್ಪಿಸಲಾಗದೆ ಉಳಿಯುವ ಅನನುಕೂಲವನ್ನು ವಿದ್ಯಾರ್ಥಿಗಳು, ಬೋಧಕರು ಹಾಗೂ ಇತರ ಸಿಬ್ಬಂದಿಯ ನಡುವೆ, ಯಾರೊಬ್ಬರ ಮೇಲೂ ಮಿತಿಮೀರಿ ಬೀಳದಂತೆ ಹಂಚಿರುವ ವೇಳಾಪಟ್ಟಿಗೆ ಈ ಹೆಸರು ಸಲ್ಲುತ್ತದೆ. ಅಂದರೆ ಇಲ್ಲಿ ‘ನ್ಯಾಯ’ ಎಂಬ ಮಾತು ಅನ್ವಯಿಸುವುದು ಸೌಕರ್ಯಕ್ಕಿಂತ ಹೆಚ್ಚಾಗಿ ಹೊರೆಗೆ.

ಹೊರೆ ಏಕೆ ಉಳಿದೇ ಉಳಿಯುತ್ತದೆ ಎಂಬುದನ್ನು ತಿಳಿಯಲು ಸಮಸ್ಯೆಯ ಗಾತ್ರವನ್ನು ನೋಡಬೇಕು. ದಿನಕ್ಕೆ 9 ಪೀರಿಯಡ್‌ಗಳಂತೆ ವಾರಕ್ಕೆ 5 ದಿನ ತರಗತಿ ನಡೆದರೆ ಒಟ್ಟು 45 ಪೀರಿಯಡ್‌ಗಳಾಗುತ್ತವೆ. ಕೇವಲ 20 ತರಗತಿಗಳನ್ನು ಈ 45ರಲ್ಲಿ ಇರಿಸುವ ವಿಧಾನಗಳನ್ನು ಎಣಿಸಿದರೆ, 1ರ ಮುಂದೆ 33 ಸೊನ್ನೆಗಳನ್ನು ಬರೆದ ಸಂಖ್ಯೆಯನ್ನೂ ಅದು ಮೀರುತ್ತದೆ. ಒಬ್ಬ ಬೋಧಕರು ಒಂದೇ ಹೊತ್ತಿಗೆ ಎರಡು ಕಡೆ ಇರಲಾರರು, ಒಂದು ಕೊಠಡಿಯಲ್ಲಿ ಏಕಕಾಲಕ್ಕೆ ಎರಡು ತರಗತಿಗಳು ನಡೆಯಲಾರವು ಎಂಬಂಥ ಕಡ್ಡಾಯ ನಿಬಂಧನೆಗಳು ಇವುಗಳಲ್ಲಿ ಬಹುತೇಕವನ್ನು ತಳ್ಳಿಹಾಕುತ್ತವೆ. ಉಳಿದವುಗಳಲ್ಲಿ ಯಾವುದು ಮೇಲು ಎಂಬುದನ್ನು ಬಿಡುವಿಲ್ಲದ ಓಡಾಟ, ನಡುವಿನ ಖಾಲಿ ಗಂಟೆ, ತೀರ ಸಂಜೆಯ ತರಗತಿ ಮೊದಲಾದವನ್ನು ಆದಷ್ಟು ಕಡಿಮೆ ಮಾಡಬೇಕೆನ್ನುವ ಸಡಿಲ ನಿಬಂಧನೆಗಳು ಹೇಳುತ್ತವೆ. ಗಣಿತದಲ್ಲಿ ಇದನ್ನು ಗ್ರಾಫ್‌ಗೆ ಬಣ್ಣ ಹಚ್ಚುವ ಸಮಸ್ಯೆಯಾಗಿ ನೋಡುವ ಕ್ರಮವಿದೆ: ಪ್ರತಿ ತರಗತಿಯೂ ಒಂದು ಬಿಂದು, ಒಂದೇ ಹೊತ್ತಿಗೆ ನಡೆಯಲಾಗದ ಎರಡು ತರಗತಿಗಳ ನಡುವೆ ಒಂದು ಗೆರೆ, ಪ್ರತಿ ಪೀರಿಯಡ್‌ಗೂ ಒಂದು ಬಣ್ಣ, ಗೆರೆಯಿಂದ ಕೂಡಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರಕೂಡದು. ವೆಲ್ಶ್ ಮತ್ತು ಪೊವೆಲ್ 1967ರಲ್ಲಿ ಗ್ರಾಫ್ ಬಣ್ಣಗಳ ಬಗ್ಗೆ ಬರೆದ ಪ್ರಸಿದ್ಧ ಲೇಖನವು ತನ್ನ ಶೀರ್ಷಿಕೆಯಲ್ಲೇ ವೇಳಾಪಟ್ಟಿಯನ್ನು ಹೆಸರಿಸುತ್ತದೆ. ಈ ಬಗೆಯ ಸಮಸ್ಯೆಗಳ ಸಾಮಾನ್ಯ ರೂಪಕ್ಕೆ ಖಚಿತವಾದ, ವೇಗವಾದ ಪರಿಹಾರವಿಧಾನ ಇಂದಿಗೂ ಸಿಕ್ಕಿಲ್ಲ.

ಆದ್ದರಿಂದ ಗಣಕಯಂತ್ರಗಳು ‘ಸಾಕಷ್ಟು ಒಳ್ಳೆಯ’ ಪಟ್ಟಿಯನ್ನು ಹುಡುಕುತ್ತವೆ, ಒಳ್ಳೆಯದನ್ನು ಅಳೆಯಲು ದಂಡಾಂಕಗಳನ್ನು, ಅಂದರೆ ಪ್ರತಿ ಅನನುಕೂಲಕ್ಕೂ ವಿಧಿಸುವ ಅಂಕಗಳನ್ನು ಬಳಸುತ್ತವೆ; ಮೊತ್ತ ಕಡಿಮೆಯಾದಷ್ಟೂ ಪಟ್ಟಿ ಮೇಲು. ನ್ಯಾಯದ ಪ್ರಶ್ನೆ ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂತರರಾಷ್ಟ್ರೀಯ ವೇಳಾಪಟ್ಟಿ ಸ್ಪರ್ಧೆಯ 2007ರ ಆವೃತ್ತಿಯಲ್ಲಿ, ಪಠ್ಯಕ್ರಮದ (ಒಂದೇ ಗುಂಪಿನ ವಿದ್ಯಾರ್ಥಿಗಳು ಒಟ್ಟಾಗಿ ಓದುವ ವಿಷಯಗಳ ಕಟ್ಟಿನ) ಆಧಾರದ ಮೇಲೆ ಪಟ್ಟಿ ರಚಿಸುವ ವಿಭಾಗಕ್ಕೆ ನಿಗದಿಯಾಗಿದ್ದ ದಂಡಾಂಕಗಳನ್ನೇ ನೋಡಿ. ಕೊಠಡಿಯಲ್ಲಿ ಆಸನ ಸಿಗದ ಪ್ರತಿ ವಿದ್ಯಾರ್ಥಿಗೆ 1 ಅಂಕ. ಒಂದು ಪಠ್ಯಕ್ರಮದ ತರಗತಿಯು ಅಕ್ಕಪಕ್ಕದ ಪೀರಿಯಡ್‌ನಲ್ಲಿ ಜೊತೆಯಿಲ್ಲದೆ ಒಂಟಿಯಾಗಿ ಬಿದ್ದರೆ 2. ಒಂದು ವಿಷಯದ ತರಗತಿಗಳು ನಿಗದಿತ ಕನಿಷ್ಠ ದಿನಗಳಿಗಿಂತ ಕಡಿಮೆ ದಿನಗಳಲ್ಲಿ ಒತ್ತೊತ್ತಾಗಿ ಸೇರಿದರೆ ಕೊರತೆಯಾದ ಪ್ರತಿ ದಿನಕ್ಕೆ 5. ಒಂದೇ ವಿಷಯಕ್ಕೆ ಬಳಸುವ ಪ್ರತಿ ಹೆಚ್ಚುವರಿ ಕೊಠಡಿಗೆ 1. ಸ್ಪರ್ಧೆಗೆ ಒಂದು ಅಳತೆಗೋಲು ಬೇಕಿತ್ತು, ಇದು ಅದನ್ನು ಒದಗಿಸಿತು, ಅದರಲ್ಲಿ ದೋಷವೇನಿಲ್ಲ. ಆದರೆ ಈ ಅಂಕಗಳೊಳಗೆ ಎಷ್ಟು ಮೌಲ್ಯನಿರ್ಣಯಗಳು ಅಡಗಿವೆ ಎಂಬುದನ್ನು ಗಮನಿಸಬೇಕು. ಹತ್ತು ವಿದ್ಯಾರ್ಥಿಗಳಿರುವ ಪಠ್ಯಕ್ರಮದ ಒಂಟಿ ತರಗತಿಗೂ ಇನ್ನೂರು ವಿದ್ಯಾರ್ಥಿಗಳಿರುವ ಪಠ್ಯಕ್ರಮದ ಒಂಟಿ ತರಗತಿಗೂ ಒಂದೇ ದಂಡ. ಬೋಧಕರು ಬರಲಾಗದ ಪೀರಿಯಡ್‌ಗಳನ್ನು ಅದು ಕಡ್ಡಾಯವಾಗಿ ಗೌರವಿಸುತ್ತದೆ, ಆದರೆ ಅವರ ಖಾಲಿ ಗಂಟೆಗಳಿಗೆ ಅಲ್ಲಿ ಯಾವ ದಂಡವೂ ಇಲ್ಲ. ಲೆಕ್ಕಕ್ಕೆ ಬಾರದ ಹೊರೆಯನ್ನು ಯಂತ್ರವು ಹಗುರ ಮಾಡುವುದಿಲ್ಲ. ಬೇರೆಡೆ ಅಂಕ ಉಳಿಸುವುದಕ್ಕಾಗಿ ಅದನ್ನು ಲೆಕ್ಕಕ್ಕೆ ಬಾರದವರ ಮೇಲೆಯೇ ತಳ್ಳುತ್ತದೆ.

ಎರಡನೆಯ ತೊಡಕು ಒಟ್ಟು ಮೊತ್ತದ್ದು. ಮೂರು ಗುಂಪುಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಪಟ್ಟಿಯಲ್ಲಿ ಅವುಗಳ ದಂಡಾಂಕ 4, 4, 4. ಇನ್ನೊಂದರಲ್ಲಿ 0, 0, 12. ಮೊತ್ತ ಎರಡರಲ್ಲೂ 12 ಆದ್ದರಿಂದ ಮೊತ್ತವನ್ನಷ್ಟೇ ನೋಡುವ ಯಂತ್ರಕ್ಕೆ ಇವೆರಡೂ ಸಮಾನ. ಈ ವ್ಯತ್ಯಾಸವನ್ನು ಕಾಣಿಸಲು, ಗಣಕಜಾಲಗಳಲ್ಲಿನ ಹಂಚಿಕೆಯನ್ನು ಅಳೆಯಲೆಂದು ರಾಜ್ ಜೈನ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಮುಂದಿಟ್ಟ ಸೂಚ್ಯಂಕವನ್ನು ಬಳಸಬಹುದು. ಅಂಕಗಳ ಮೊತ್ತದ ವರ್ಗವನ್ನು, ಗುಂಪುಗಳ ಸಂಖ್ಯೆ ಮತ್ತು ಅಂಕಗಳ ವರ್ಗಗಳ ಮೊತ್ತ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಮೊದಲ ಪಟ್ಟಿಗೆ 1 ಬರುತ್ತದೆ, ಎರಡನೆಯದಕ್ಕೆ ಮೂರನೇ ಒಂದು ಭಾಗ ಮಾತ್ರ. ಆದರೂ ಸೂಚ್ಯಂಕವೊಂದನ್ನೇ ನಂಬುವಂತಿಲ್ಲ: 10, 10, 10 ಎಂಬ ಪಟ್ಟಿಗೂ ಪೂರ್ಣ 1 ಸಿಗುತ್ತದೆ, ಅದರಲ್ಲಿ ಎಲ್ಲರೂ ಸಮಾನವಾಗಿ ನರಳುತ್ತಾರೆ ಅಷ್ಟೆ. ಇದಕ್ಕಿಂತ ಮೇಲಾದ ಕ್ರಮವೆಂದರೆ, ಅತಿ ಹೆಚ್ಚು ಹೊರೆ ಹೊತ್ತವರ ಹೊರೆಯನ್ನು ಮೊದಲು ಸಾಧ್ಯವಾದಷ್ಟು ಇಳಿಸಿ, ಆ ಮಟ್ಟವನ್ನು ಮೀರದಂತೆ ಅವರ ನಂತರದವರ ಹೊರೆಯನ್ನು ಇಳಿಸಿ, ಹೀಗೆ ಕೆಳಗಿನವರೆಗೂ ಬರುವುದು.

ಗುಂಪು ಎಂದರೆ ಯಾರು ಎಂಬುದೂ ಸಣ್ಣ ಪ್ರಶ್ನೆಯಲ್ಲ. ವಿಭಾಗಗಳ ನಡುವೆ ಹೊರೆಯನ್ನು ಸಮನಾಗಿ ಹಂಚಿದ ಮೇಲೂ ವಿಭಾಗದ ಒಳಗೆ ಅನ್ಯಾಯ ಉಳಿಯಬಹುದು. ಹಿಂದಿನ ಸೆಮಿಸ್ಟರಿನ ವಿಷಯವನ್ನು ಮತ್ತೆ ಓದುತ್ತಿರುವ ವಿದ್ಯಾರ್ಥಿ, ಬೇರೆ ವಿಭಾಗದ ಐಚ್ಛಿಕ ವಿಷಯವನ್ನು ಆಯ್ದುಕೊಂಡವರು, ದುಡಿಯುತ್ತಲೇ ಓದುವವರು, ಗಾಲಿಕುರ್ಚಿಯಲ್ಲಿ ಹತ್ತು ನಿಮಿಷಗಳೊಳಗೆ ಮತ್ತೊಂದು ಕಟ್ಟಡವನ್ನು ತಲುಪಬೇಕಾದವರು, ಇವರೆಲ್ಲ ವಿಭಾಗದ ಸರಾಸರಿಯಲ್ಲಿ ಕಾಣಿಸುವುದಿಲ್ಲ. ಬೋಧಕರಲ್ಲಿಯೂ ಹಾಗೆಯೇ. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಅರೆಕಾಲಿಕ ಬೋಧಕರಿಗೆ ಬೆಳಗ್ಗೆ ಒಂದು, ಸಂಜೆ ಒಂದು ತರಗತಿ ಕೊಟ್ಟರೆ ಅವರ ಇಡೀ ದಿನ ಹೋಗುತ್ತದೆ, ಸಂಬಳ ಬರುವುದು ಎರಡು ಗಂಟೆಗೆ. ಸಂಜೆ ಕೊನೆಯ ತರಗತಿ ಮುಗಿದ ಮೇಲೆ ಕೊಠಡಿ ಗುಡಿಸುವವರು ಮತ್ತು ಪ್ರಯೋಗಾಲಯಕ್ಕೆ ಬೀಗ ಹಾಕುವವರು ಕೂಡ ಇದೇ ಪಟ್ಟಿಗೆ ಬದ್ಧರು, ಆದರೆ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಇವರನ್ನು ಎಣಿಸದ ಯಾವ ಪಟ್ಟಿಯನ್ನೂ ನ್ಯಾಯೋಚಿತ ಎಂದು ಕರೆಯಲು ನಾನು ಒಪ್ಪಲಾರೆ.

ಈ ಪದಕ್ಕೆ ಹತ್ತಿರವಿದ್ದು ಅದರೊಂದಿಗೆ ಕಲಸಿಹೋಗುವ ಇನ್ನೊಂದು ಮಾತು ‘ಆದ್ಯತೆ’. ಅದರಲ್ಲಿ ಅಗತ್ಯವೂ ಇಷ್ಟವೂ ಬೆರೆತಿರುತ್ತವೆ. ಮಗುವನ್ನು ಶಾಲೆಯಿಂದ ಕರೆತರಲೇಬೇಕಾದ ಹೊತ್ತು ಒಂದು ಅಗತ್ಯ, ಶುಕ್ರವಾರ ಮಧ್ಯಾಹ್ನ ತರಗತಿ ಬೇಡವೆಂಬುದು ಒಂದು ಇಷ್ಟ. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಬರೆಸಿಕೊಂಡರೆ ಹೆಚ್ಚು ಕೇಳಿದವರಿಗೆ ಹೆಚ್ಚು ಸಿಗುತ್ತದೆ, ಕೇಳಲು ಹಿಂಜರಿಯುವ ಕಿರಿಯರಿಗೆ ಉಳಿದದ್ದು ಸಿಗುತ್ತದೆ. ಅಗತ್ಯಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಇಷ್ಟಗಳಿಗೆ ಪ್ರತಿಯೊಬ್ಬರಿಗೂ ಸಮಾನ ಅಂಕಗಳನ್ನು ಕೊಟ್ಟು, ಅವನ್ನು ತಮಗೆ ಬೇಕಾದ ಕಡೆ ಖರ್ಚು ಮಾಡಲು ಬಿಡುವ ಕ್ರಮದಲ್ಲಿ ಈ ದೋಷ ಬಹಳಷ್ಟು ತಗ್ಗುತ್ತದೆ. ಸೆಮಿಸ್ಟರಿನ ನಡುವೆ ಬದಲಾವಣೆ ಅನಿವಾರ್ಯವಾದರೆ, ಆದಷ್ಟು ಕಡಿಮೆ ತರಗತಿಗಳನ್ನು ಕದಲಿಸಿ ಸರಿಪಡಿಸುವುದೂ ನ್ಯಾಯದ ಭಾಗವೇ, ಏಕೆಂದರೆ ಜನರು ಪಟ್ಟಿಯನ್ನು ನಂಬಿ ತಮ್ಮ ಉಳಿದ ದಿನವನ್ನು ಕಟ್ಟಿಕೊಂಡಿರುತ್ತಾರೆ.

ಕೊನೆಯದಾಗಿ, ಒಂದು ಸೆಮಿಸ್ಟರಿನೊಳಗೆ ಹೊರೆಯನ್ನು ಸಮ ಮಾಡಲು ಕೆಲವೊಮ್ಮೆ ಸಾಧ್ಯವೇ ಆಗುವುದಿಲ್ಲ. ಬೆಳಗಿನ ಮೊದಲ ಪೀರಿಯಡ್ ಅನ್ನು ಯಾರಾದರೂ ತೆಗೆದುಕೊಳ್ಳಲೇಬೇಕು. ಆಗ ಸಮತೆಯನ್ನು ಕಾಲದ ಉದ್ದಕ್ಕೂ ಹುಡುಕಬೇಕಾಗುತ್ತದೆ, ಅದಕ್ಕೆ ಒಂದು ದಾಖಲೆ ಬೇಕು: ಈ ಬಾರಿ ಯಾರು ಏನನ್ನು ಹೊತ್ತರು, ಮುಂದಿನ ಬಾರಿ ಆಯ್ಕೆಯಲ್ಲಿ ಯಾರು ಮೊದಲು ಎಂಬುದು ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿಟ್ಟ ದಾಖಲೆ. ಅದನ್ನು ವಿಭಾಗದ ಹೆಸರಿನಲ್ಲಿ ಇಡದೆ ವ್ಯಕ್ತಿಯ ಹೆಸರಿನಲ್ಲಿ ಇಡಬೇಕು. ಇಲ್ಲವಾದರೆ ವಿಭಾಗದ ಸರದಿ ತಿರುಗುತ್ತಿದ್ದರೂ ಅದರೊಳಗೆ ಬೆಳಗಿನ ಮೊದಲ ಪೀರಿಯಡ್‌ಗೆ ಪ್ರತಿ ಬಾರಿಯೂ ಅದೇ ಕಿರಿಯ ಬೋಧಕರೇ ಬರುತ್ತಿರುತ್ತಾರೆ.