ಫುಲ್ ಚಾರ್ಜ್ ಇದ್ದೂ ಏರು ಹತ್ತದ ಬಗ್ಗಿ

ಹೋದ ಮಳೆಗಾಲದಲ್ಲಿ ಮಲೆನಾಡಿನ ಒಂದು ರೆಸಾರ್ಟ್‌ನಿಂದ ಫೋನ್ ಬಂತು. "ಸಾರ್, ಬಗ್ಗಿ ಏರಿನಲ್ಲಿ ನಿಂತುಬಿಡುತ್ತೆ. ಅಂಗಡಿಯವರು ನಾಲ್ಕೂ ಬ್ಯಾಟರಿ ಹೋಗಿದೆ ಅಂತಿದ್ದಾರೆ. ಆರ್ಡರ್ ಹಾಕೋದಾ?" ಬ್ಯಾಟರಿ ಹಾಕಿಸಿ ಎಷ್ಟು ದಿನ ಆಯ್ತು ಅಂತ ಕೇಳಿದೆ. ಒಂದೂವರೆ ವರ್ಷ. ನಾನು ಬರೋವರೆಗೂ ಏನೂ ಕೊಳ್ಳಬೇಡಿ ಅಂದೆ.

ಗಾಲ್ಫ್ ಮೈದಾನಕ್ಕೆ ಅಂತ ಹುಟ್ಟಿದ ಗಾಡಿ ಇದು. ಗಾಲ್ಫ್ ಕೋಲು ಮುಟ್ಟದವರೂ ಇಂಥದ್ದನ್ನು ಹತ್ತಿರುತ್ತೀರಿ, ಮೈಸೂರು ಮೃಗಾಲಯದಲ್ಲೋ ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲೋ. ಒಳಗೆ ಕರೆಂಟಿನ ದಾರಿ ಸರಳ. ಬ್ಯಾಟರಿಯಿಂದ ಸೊಲೆನಾಯ್ಡ್‌ಗೆ (ಕರೆಂಟಿನಿಂದಲೇ ಎಳೆದುಕೊಳ್ಳುವ ದಪ್ಪ ಸ್ವಿಚ್), ಅಲ್ಲಿಂದ ಕಂಟ್ರೋಲರ್‌ಗೆ (ಮೋಟಾರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನೋಡಿಕೊಳ್ಳುವ ಪೆಟ್ಟಿಗೆ), ಕೊನೆಗೆ ಮೋಟಾರಿಗೆ. ಹೆಚ್ಚಿನ ಗಾಡಿಗಳು 48 ವೋಲ್ಟಿನವು. 6 ವೋಲ್ಟಿನ ಎಂಟು, 8 ವೋಲ್ಟಿನ ಆರು, ಇಲ್ಲವೇ 12 ವೋಲ್ಟಿನ ನಾಲ್ಕು ಬ್ಯಾಟರಿ ಸೀರೀಸ್‌ನಲ್ಲಿ ಇರುತ್ತವೆ. ಸೀರೀಸ್ ಅಂದರೆ ಒಂದೇ ದಾರಿ, ಪಕ್ಕದ ಓಣಿ ಇಲ್ಲ. ಎಲ್ಲೋ ಒಂದು ಕಡೆ ಇಕ್ಕಟ್ಟಾದರೆ ಇಡೀ ಗಾಡಿ ಸೊರಗುತ್ತದೆ.

ಬ್ಯಾಟರಿ ಇರೋದು ಸೀಟಿನ ಕೆಳಗೆ. ಸೀಟು ಎತ್ತುವ ಮುಂಚೆ ಉಂಗುರ, ವಾಚು, ಕೈಬಳೆ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯೋದು ಅಪರೂಪ, ನಿಜ. ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಅದು ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರ ಇದ್ದರೆ ಏನಾದೀತು ಅಂತ ನೀವೇ ಯೋಚಿಸಿ. ನನ್ನ ಸ್ಪ್ಯಾನರ್‌ಗಳ ಹಿಡಿಗೆಲ್ಲ ಟೇಪ್ ಸುತ್ತಿದ್ದೇನೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಹಾಗಾಗಿ ಹತ್ತಿರದಲ್ಲಿ ಬೀಡಿಯೂ ಬೇಡ, ಕಿಡಿಯೂ ಬೇಡ.

ರೆಸಾರ್ಟ್‌ನಲ್ಲಿ ಮೀಟರ್ ಹಿಡಿದೆ. ನಿಂತ ಗಾಡಿಯಲ್ಲಿ ಪ್ರತಿ ಬ್ಯಾಟರಿ 12.7, ಒಟ್ಟು 50.8 ವೋಲ್ಟ್. ಲೆಡ್ ಆಸಿಡ್ ಬ್ಯಾಟರಿಗೆ ಇದು ಫುಲ್ ಚಾರ್ಜ್. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಸುಮ್ನೆ ಕೂತ ಬ್ಯಾಟರಿ ಸುಳ್ಳು ಹೇಳಬಲ್ಲದು. ಹೊರೆ ಬಿದ್ದಾಗ ಎಷ್ಟು ತೋರಿಸುತ್ತದೆ ಅನ್ನೋದು ಮುಖ್ಯ. ಜಾಕ್ ಹಾಕಿ ಚಕ್ರ ಗಾಳಿಯಲ್ಲಿ ತಿರುಗಿಸಿದರೆ ಹೊರೆಯೇ ಬೀಳಲ್ಲ, ಅದೂ ಲೆಕ್ಕಕ್ಕೆ ಬರಲ್ಲ.

ಮೀಟರಿಗೆ ಉದ್ದ ವೈರ್ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತೆ. ಅದೇ ಏರನ್ನು ಐದು ಸಲ ಹತ್ತಿದೆವು. ಒಂದೊಂದು ಸಲ ಒಂದೊಂದು ಬ್ಯಾಟರಿ. ನಾಲ್ಕೂ 11.7ರ ಆಸುಪಾಸು. ಒಂದು ಬ್ಯಾಟರಿ ಮಾತ್ರ 10ಕ್ಕೆ ಕುಸಿದಿದ್ದರೆ ಅದೇ ಕಳ್ಳ ಅನ್ನಬಹುದಿತ್ತು. ಐದನೇ ಸಲ ಸರಣಿಯ ಎರಡು ತುದಿಗೆ ಹಿಡಿದೆ. 11.7 ನಾಲ್ಕು ಸಲ ಕೂಡಿದರೆ 46.8 ಬರಬೇಕಲ್ವಾ? ಮೀಟರ್ 43 ತೋರಿಸಿ ಇನ್ನೂ ಕೆಳಗೆ ಜಾರುತ್ತಿತ್ತು. ಆಮೇಲೆ ಗಾಡಿ ನಿಂತಿತು.

ಕಾಣೆಯಾದ ವೋಲ್ಟ್ ಬ್ಯಾಟರಿ ಒಳಗಿಲ್ಲ ಅಂದರೆ ಅವುಗಳ ನಡುವಿನ ಕೇಬಲ್‌ನಲ್ಲೇ ಇರಬೇಕು. ಒಂದು ಬ್ಯಾಟರಿಯ ಸೀಸದ ಗೂಟದಿಂದ ಮುಂದಿನದರ ಗೂಟಕ್ಕೆ ಮೀಟರ್ ಹಿಡಿಯಬೇಕು. ಕೇಬಲ್ ತುದಿಯ ತಾಮ್ರದ ಬಿಲ್ಲೆ, ಅಂದರೆ ಲಗ್ ಮೇಲೆ ಅಲ್ಲ, ನಟ್ ಮೇಲೂ ಅಲ್ಲ, ಗೂಟದ ಮೇಲೆಯೇ. ಲಗ್ ಮೇಲೆ ಹಿಡಿದರೆ ಜೋಡಣೆಯ ದೋಷ ತಪ್ಪಿಸಿಕೊಂಡುಬಿಡುತ್ತದೆ. ಗಾಡಿ ಏರು ಹತ್ತುವಾಗ ಒಳ್ಳೆ ಜೋಡಣೆಯಲ್ಲಿ 0.1, 0.2 ವೋಲ್ಟ್ ಕಾಣಬಹುದು. ಎರಡನೇ ಮತ್ತು ಮೂರನೇ ಬ್ಯಾಟರಿ ನಡುವೆ 3 ವೋಲ್ಟ್ ದಾಟಿತ್ತು. ಏರಿನಲ್ಲಿ 100 ಆಂಪಿಯರ್ ಹರಿದರೂ 3 ವೋಲ್ಟ್ ಅಂದರೆ 300 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಹನ್ನೆರಡನ್ನು ಒಂದೇ ಗೂಟಕ್ಕೆ ಒತ್ತಿ ಹಿಡಿದಂತೆ.

ನಟ್ ಬಿಚ್ಚಿದೆ. ಮೇಲೆ ಚೆಂದವಾಗಿ ಗ್ರೀಸ್ ಮೆತ್ತಿತ್ತು. ಕೆಳಗೆ, ಲಗ್‌ಗೂ ಗೂಟಕ್ಕೂ ನಡುವೆ, ಒಂದು ಸ್ಟೀಲ್ ವಾಷರ್! ವಾಷರ್ ನಟ್ ಕೆಳಗೆ ಬರಬೇಕು. ತಾಮ್ರದ ಲಗ್ ನೇರವಾಗಿ ಸೀಸದ ಮೇಲೆ ಕೂರಬೇಕು. ಗೂಟದ ಅಂಚು ಆಗಲೇ ಕರಗಲು ಶುರುವಾಗಿತ್ತು. ಮೇನ್ ನೆಗೆಟಿವ್ ಬಿಚ್ಚಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಬ್ರಷ್ ಉಜ್ಜಿ, ಹೊಸ ಲಗ್ ಒತ್ತಿಸಿ ಕೂರಿಸಿದೆ. ಸೋಡಾ ನೀರು ಸೆಲ್ ಒಳಗೆ ಹೋಗಬಾರದು, ಮುಚ್ಚಳ ಭದ್ರವಾಗಿರಲಿ. ಗಾಡಿ ಏರು ಹತ್ತಿತು. ನಾಲ್ಕು ಬ್ಯಾಟರಿ ದುಡ್ಡು ಉಳಿಯಿತು. ನನ್ನ ಬಿಲ್ ನೋಡಿ ಮ್ಯಾನೇಜರ್ ಮುಖ ಸ್ವಲ್ಪ ಹುಳ್ಳಗಾಯಿತು, ಅದು ಬೇರೆ ಮಾತು.

ಇನ್ನು ಪೆಡಲ್ ಒತ್ತಿದರೂ ಗಾಡಿ ಅಲ್ಲಾಡದೇ ಇರುವ ಕೇಸು. ಇಲ್ಲಿ ಮೊದಲು ಬೇಕಾದದ್ದು ಕಿವಿ. ಸೊಲೆನಾಯ್ಡ್ 'ಟಕ್' ಅನ್ನುತ್ತಾ? ಕೆಲವು ಮಾಡೆಲ್‌ನಲ್ಲಿ ಕೀ ತಿರುಗಿಸಿದಾಗ, ಕೆಲವದರಲ್ಲಿ ಪೆಡಲ್ ಒತ್ತಿದಾಗ ಸದ್ದು ಬರುತ್ತದೆ. ಟಕ್ ಅಂದೂ ಓಡದಿದ್ದರೆ, ಪೆಡಲ್ ಒತ್ತಿಸಿಕೊಂಡು ಸೊಲೆನಾಯ್ಡ್‌ನ ಎರಡು ದಪ್ಪ ಟರ್ಮಿನಲ್ ನಡುವೆ ಮೀಟರ್ ಹಿಡಿಯಿರಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಬರದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸದ್ದೇ ಇಲ್ಲದಿದ್ದರೆ ಸಣ್ಣ ಟರ್ಮಿನಲ್ ಎರಡನ್ನು ನೋಡಿ. ಅಲ್ಲಿ ವೋಲ್ಟ್ ಬಂದೂ ಸದ್ದಿಲ್ಲ ಅಂದರೆ ಕಾಯಿಲ್ ಹೋಗಿದೆ. ವೋಲ್ಟೇ ಬರದಿದ್ದರೆ ಹಿಂದಕ್ಕೆ ಹೋಗಿ: ಫ್ಯೂಸ್, ಕೀ ಸ್ವಿಚ್, ಮುಂದೆ-ಹಿಂದೆ ಸ್ವಿಚ್, ಪೆಡಲ್ ಕೆಳಗಿನ ಮೈಕ್ರೋಸ್ವಿಚ್ (ಪೆಡಲ್ ಒತ್ತಿದಾಗ ಆನ್ ಆಗುವ ಪುಟ್ಟ ಸ್ವಿಚ್). ಚಾರ್ಜರ್ ಪ್ಲಗ್ ಹಾಗೇ ಚುಚ್ಚಿದ್ದರೂ ಎಷ್ಟೋ ಗಾಡಿ ಓಡಲ್ಲ. ಇದಕ್ಕಾಗಿ ನಾನು ಅರವತ್ತು ಕಿಲೋಮೀಟರ್ ಹೋಗಿ ಬಂದದ್ದೂ ಇದೆ.

ಒಂದು ಎಚ್ಚರ. ಸೊಲೆನಾಯ್ಡ್ ಮೇಲೆ ಪುಟ್ಟ ರೆಸಿಸ್ಟರ್ ಇದ್ದರೆ, ಕೀ ತೆಗೆದರೂ ಕಂಟ್ರೋಲರ್ ಕಡೆ ವೋಲ್ಟ್ ಇದ್ದೇ ಇರುತ್ತದೆ.

ಮೈಕ್ರೋಸ್ವಿಚ್ ಕೆಡೋದಕ್ಕೆ ನಾನು ಕಂಡ ದೊಡ್ಡ ಕಾರಣ ಪ್ರೆಶರ್ ವಾಷರ್. ಗಾಡಿ ಮಿಂಚಬೇಕು ಅಂತ ಅಡಿಗೆಲ್ಲ ನೀರು ಹೊಡೆಯುತ್ತಾರೆ. ಒದ್ದೆ ಬಟ್ಟೆ ಸಾಕು.

ಬಾಗಿಲು ಹಾಕಿದ್ದ ರೆಸಾರ್ಟ್ ತೆರೆದಾಗ ಚಾರ್ಜರ್ ಆನ್ ಆಗ್ತಿಲ್ಲ ಅಂತ ಫೋನ್ ಬರುತ್ತದೆ. ಬಹಳಷ್ಟು ಸಲ ಚಾರ್ಜರ್ ತಪ್ಪಲ್ಲ. ಬ್ಯಾಟರಿ ತೀರಾ ಇಳಿದಿದ್ದರೆ, ಎದುರಿಗೆ ಬ್ಯಾಟರಿ ಇದೆ ಅಂತ ಚಾರ್ಜರ್‌ಗೆ ಗೊತ್ತೇ ಆಗಲ್ಲ. ಒಂದೊಂದು ಬ್ಯಾಟರಿಗೂ ಅದರ ವೋಲ್ಟಿಗೆ ತಕ್ಕ ಚಿಕ್ಕ ಚಾರ್ಜರ್ ಹಾಕಿ ಸ್ವಲ್ಪ ಎತ್ತಿದರೆ ದೊಡ್ಡದು ಕೆಲಸ ಶುರುಮಾಡುತ್ತದೆ. ಅದಕ್ಕೂ ಮುಂಚೆ ನೀರು ನೋಡಿ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್, ಉಳಿದದ್ದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಟ್ರೇ ತಿನ್ನುತ್ತದೆ.

ಕಂಟ್ರೋಲರ್ ಮೇಲೆ ಅನುಮಾನ ಇವೆಲ್ಲ ಮುಗಿದ ಮೇಲೆ.

ಆ ರೆಸಾರ್ಟ್‌ನ ಡ್ರೈವರ್‌ಗೆ ಸೀಟಿನ ಅಡಿಗೆ ಒಂದು ಹಾಳೆ ಅಂಟಿಸಿಕೊಟ್ಟು ಬಂದಿದ್ದೆ. ತಿಂಗಳಿಗೊಮ್ಮೆ, ರಾತ್ರಿ ಚಾರ್ಜ್ ಆಗಿ ಬೆಳಿಗ್ಗೆ, ನಾಲ್ಕೂ ಬ್ಯಾಟರಿಯ ವೋಲ್ಟ್ ಬರೆದಿಡಿ ಅಂತ. ಮೊನ್ನೆ ಅದರ ಫೋಟೋ ಕಳಿಸಿದ್ದರು. ಮೂರು ಬ್ಯಾಟರಿ 12.7ರಲ್ಲೇ ಇವೆ. ಒಂದನೆಯದು ಮಾತ್ರ 12.6, 12.5, 12.3.

ಫೋನ್ ಮಾಡಿ ಕೇಳಿದೆ, "ಗಾಡಿಗೆ ಹಾಡಿನ ಸೆಟ್ ಏನಾದ್ರೂ ಹಾಕಿಸಿದ್ರಾ?"

"ಹೌದು ಸಾರ್, ಗೆಸ್ಟ್‌ಗಳು ಕೇಳ್ತಾರೆ ಅಂತ. ನಿಮಗೆ ಹೇಗೆ ಗೊತ್ತಾಯ್ತು?"

ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರೆ. 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ತಗೊಂಡು ಸೋಮವಾರ ಹೊರಡಬೇಕು.