ಉಕ್ಕಿನೊಳಗಿನ ಹೈಡ್ರೋಜನ್ ಎಲ್ಲಿ ಕೂತಿದೆ?

2013ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ-ಓಕ್ಲೆಂಡ್ ಬೇ ಸೇತುವೆಯಲ್ಲಿ 96 ದಪ್ಪ ಉಕ್ಕಿನ ಸರಳುಗಳನ್ನು ಬಿಗಿ ಮಾಡಿದರು. ಕೆಲವೇ ದಿನಗಳಲ್ಲಿ 32 ಸರಳುಗಳು ಮುರಿದವು. ತನಿಖೆಯಲ್ಲಿ ಸಿಕ್ಕಿಬಿದ್ದದ್ದು ಹೈಡ್ರೋಜನ್. ಎಲ್ಲಕ್ಕಿಂತ ಹಗುರವಾದ ಪರಮಾಣು ಇದು. ಉಕ್ಕಿನೊಳಗೆ ನುಸುಳಿದರೆ ಬಾಗಬೇಕಾದ ಲೋಹ ಪಟ್ಟನೆ ಮುರಿಯುತ್ತದೆ. ಆಮ್ಲದಲ್ಲಿ ಅದ್ದಿದ ಕಬ್ಬಿಣಕ್ಕೆ ಹೀಗಾಗುವುದನ್ನು ಡಬ್ಲ್ಯು. ಎಚ್. ಜಾನ್ಸನ್ 1875ರಲ್ಲೇ ಬರೆದಿಟ್ಟಿದ್ದರು.

ಲೋಹವನ್ನು ಕಾಯಿಸಿದರೆ ಒಳಗೆ ಎಷ್ಟು ಹೈಡ್ರೋಜನ್ ಇತ್ತು ಅಂತ ಅಳೆಯಬಹುದು. ಅದು ಎಲ್ಲಿ ಕೂತಿತ್ತು ಎಂಬುದು ಮಾತ್ರ ತಿಳಿಯುವುದಿಲ್ಲ. ಅದಕ್ಕೆ ಆಟಂ ಪ್ರೋಬ್ ಎಂಬ ಯಂತ್ರ ಬೇಕು. ಉಕ್ಕಿನ ಚೂರನ್ನು ಸೂಜಿಯಂತೆ ಚೂಪು ಮಾಡುತ್ತಾರೆ. ತುದಿಯ ಅಗಲ ಸುಮಾರು 100 ನ್ಯಾನೋಮೀಟರ್. ನಿರ್ವಾತದಲ್ಲಿಟ್ಟು ಸಾವಿರಾರು ವೋಲ್ಟ್ ಕೊಟ್ಟರೆ ಪರಮಾಣುಗಳು ಒಂದೊಂದಾಗಿ ಕಳಚಿ ಹಾರುತ್ತವೆ. ಹಾರಲು ಹಿಡಿದ ಸಮಯದಿಂದ ತೂಕ ಗೊತ್ತಾಗುತ್ತದೆ. ಬಂದು ಬಡಿದ ಜಾಗದಿಂದ ಅದು ಎಲ್ಲಿತ್ತು ಎಂಬುದು ತಿಳಿಯುತ್ತದೆ.

ತೊಡಕು ಇರುವುದು ಇಲ್ಲೇ. ಎಷ್ಟೇ ಗಾಳಿ ತೆಗೆದರೂ ಯಂತ್ರದ ಗೋಡೆಗಳಿಂದ ಹೈಡ್ರೋಜನ್ ಒಸರುತ್ತಲೇ ಇರುತ್ತದೆ. ಗಿರಣಿಗೆ ರಾಗಿ ಒಯ್ದರೆ ಮೊದಲು ಬೀಸಿದವರ ಹಿಟ್ಟೂ ನಮ್ಮ ಡಬ್ಬಿಗೆ ಬೀಳುತ್ತದೆ ಅಲ್ವಾ, ಹಾಗೆ. ಉಕ್ಕಿನದು ಯಾವುದು, ಯಂತ್ರದ್ದು ಯಾವುದು?

ಡ್ಯೂಟೀರಿಯಂ ಈ ಗಂಟು ಬಿಡಿಸಿತು. ಇದೂ ಹೈಡ್ರೋಜನ್ನೇ, ಆದರೆ ತೂಕ ಎರಡರಷ್ಟು. ಪ್ರಕೃತಿಯಲ್ಲಿ ಸುಮಾರು 6,400 ಹೈಡ್ರೋಜನ್‌ಗೆ ಒಂದೇ ಒಂದು ಸಿಗುತ್ತದೆ. ಹಾಗಾಗಿ ಯಂತ್ರದ ಗೋಡೆಯಿಂದ ಅದು ಬರುವುದು ತೀರಾ ಕಡಿಮೆ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಬಳಸುವಂಥ ಭಾರಜಲದಲ್ಲಿ, ಅಂದರೆ ಸಾಮಾನ್ಯ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರಿನಲ್ಲಿ, ಉಕ್ಕನ್ನು ಇಟ್ಟು ವಿದ್ಯುತ್ ಹರಿಸಿದರೆ ಡ್ಯೂಟೀರಿಯಂ ಒಳಗೆ ಸೇರುತ್ತದೆ. ಸುಮ್ನೆ ಬಿಟ್ಟರೆ ಕೋಣೆಯ ಬಿಸಿಗೇ ಅದು ಹೊರಗೆ ಓಡಿಹೋಗುತ್ತದೆ. ಅದಕ್ಕೇ ಸೂಜಿಯನ್ನು ತಕ್ಷಣ ಗಡ್ಡೆಕಟ್ಟುವ ಚಳಿಗೆ ಇಳಿಸಿ, ಆ ಚಳಿಯಲ್ಲೇ ಯಂತ್ರಕ್ಕೆ ಸಾಗಿಸಬೇಕು. ಇನ್ನೊಂದು ಎಚ್ಚರವೂ ಬೇಕು. ಎರಡು ಸಾಮಾನ್ಯ ಹೈಡ್ರೋಜನ್ ಜೋಡಿಯಾಗಿ ಹಾರಿದರೆ ಅದರ ತೂಕವೂ ಹೆಚ್ಚುಕಡಿಮೆ ಡ್ಯೂಟೀರಿಯಂನಷ್ಟೇ. ಅದಕ್ಕಾಗಿ ಡ್ಯೂಟೀರಿಯಂ ಸೇರಿಸದ ಸೂಜಿಯನ್ನೂ ಪರೀಕ್ಷಿಸಿ ಎರಡನ್ನೂ ಹೋಲಿಸುತ್ತಾರೆ.

ಇಷ್ಟೆಲ್ಲ ಪಾಡುಪಟ್ಟದ್ದಕ್ಕೆ ಫಲ ಸಿಕ್ಕಿತು. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಕೆಲಸದಲ್ಲಿ, ಉಕ್ಕಿನೊಳಗಿನ ಕಾರ್ಬೈಡ್ (ಲೋಹ ಮತ್ತು ಇಂಗಾಲ ಸೇರಿ ಆದ) ಕಣಗಳ ಒಡಲಲ್ಲೇ ಡ್ಯೂಟೀರಿಯಂ ಸಿಕ್ಕಿಕೊಂಡಿದ್ದು ಕಂಡಿತು. 2020ರಲ್ಲಿ ಬೇರೊಂದು ಉಕ್ಕನ್ನು ನೋಡಿದಾಗ, ನಿಯೋಬಿಯಂ ಎಂಬ ಲೋಹದ ಕಾರ್ಬೈಡ್ ಕಣ ಮತ್ತು ಉಕ್ಕು ಕೂಡುವ ಅಂಚಿನಲ್ಲಿ ಅದು ಸಿಕ್ಕಿತು. ನನಗೆ ಇದು ತುಂಬಾ ದೊಡ್ಡ ಸಂಗತಿ ಅನಿಸುತ್ತದೆ. ಕಣದ ಒಡಲೋ ಅಂಚೋ ಎಂಬುದು ತಿಳಿದರೆ, ಹೈಡ್ರೋಜನ್ ಓಡಾಡಿ ಉಕ್ಕನ್ನು ಮುರಿಯದಂತೆ ಹಿಡಿದಿಡುವ ಕಣಗಳನ್ನು ಎಷ್ಟು ದೊಡ್ಡದಾಗಿ, ಎಷ್ಟು ಒತ್ತಾಗಿ ಬೆಳೆಸಬೇಕು ಎಂಬುದನ್ನು ಉಕ್ಕು ತಯಾರಿಸುವವರು ಲೆಕ್ಕ ಹಾಕಬಹುದು.